ಅಪ್ಪನ ಕಿವಿಗೆ ಕಾರು ಹೊಂದಿಸಿದ್ದು

ಗುಬ್ಬಿ ದಾಟಿ ನಿಟ್ಟೂರು ಹತ್ತಿರವಾಗುವ ಹೊತ್ತಿಗೆ ಅಪ್ಪ ವಾಲ್ಯೂಮನ್ನು 31ಕ್ಕೆ ಏರಿಸಿದ್ದರು. ನನ್ನ ಫೋನಿನಿಂದ ಗಮಕ ವಾಚನ ಬರುತ್ತಿತ್ತು. ಬಾಗಿಲಿನ ಪ್ಲಾಸ್ಟಿಕ್ಕು ಗಡಗಡ ನಡುಗುತ್ತಿತ್ತು. ನನ್ನ ಬಲಗಿವಿ ನೋಯುತ್ತಿತ್ತು. ಅಪ್ಪ ಮಾತ್ರ ಡ್ಯಾಶ್‌ಬೋರ್ಡಿನ ಕಡೆ ಬಾಗಿ, ಅಂಗೈಯನ್ನು ಕಿವಿಯ ಹಿಂದೆ ದೊನ್ನೆಯ ಹಾಗೆ ಹಿಡಿದು ಕೂತಿದ್ದರು. ಪದ್ಯ ಮುಗಿದು ವ್ಯಾಖ್ಯಾನ ಶುರುವಾದಾಗ ಕೈ ಇಳಿಸಿದರು.

"ರಾಗ ಬರ್ತೈತೆ, ಪದ ಬರಲ್ಲ ತಾಯಿ" ಅಂದರು. ತಾವೇ ಆಫ್ ಮಾಡಿದರು. ತಿಪಟೂರು ಬರುವ ತನಕ ಹೊರಗಿನ ತೆಂಗಿನ ತೋಟ ನೋಡುತ್ತಾ ಸುಮ್ಮನೆ ಕೂತರು.

ತಿಂಗಳಿಗೆ ಎರಡು ಸಲ ನಾವಿಬ್ಬರೂ ಬೆಂಗಳೂರಿನಿಂದ ಊರಿಗೆ ಹೋಗಿ ಬರುತ್ತೇವೆ. ಒಂದು ಕಡೆಗೆ ಸುಮಾರು 140 ಕಿಲೋಮೀಟರ್. ಅಮ್ಮ ಹೋದ ಮೇಲೆ ಅಪ್ಪ ನನ್ನ ಜತೆ ಇದ್ದಾರೆ, ಆದರೆ ತೋಟ ನೋಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಆ ಮೂರು ಗಂಟೆಗಳ ದಾರಿಯೇ ನಮ್ಮಿಬ್ಬರ ಮಾತಿನ ಹೊತ್ತು, ಗಮಕದ ಹೊತ್ತು. ಶ್ರಾವಣದಲ್ಲಿ ಊರ ದೇವಸ್ಥಾನದ ಜಗಲಿಯಲ್ಲಿ ಕೂತು ಭಾರತ ವಾಚನ ಕೇಳಿ ಬೆಳೆದವರು ಅವರು. ಭಾಮಿನಿ ಷಟ್ಪದಿಯ ನೂರಾರು ಪದ್ಯ ಬಾಯಿಗೆ ಬರುತ್ತವೆ. ಅಂಥವರು ಪದ ಕೇಳುವುದಿಲ್ಲ ಅಂತ ಆಫ್ ಮಾಡಿದ ದಿನ ನನಗೆ ಇಡೀ ದಾರಿ ಸಂಕಟವಾಯಿತು.

ಅಪ್ಪ ಮೂವತ್ತು ವರ್ಷ ಬಸ್ ಓಡಿಸಿದವರು. ಆಗಿನ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರ್ ಪಕ್ಕದಲ್ಲೇ, ಎಡಗಡೆ, ಒಂದು ತಗಡಿನ ಮುಚ್ಚಳದ ಕೆಳಗೆ. ಹಬ್ಬದ ರಶ್ಶಿನಲ್ಲಿ ಆ ಮುಚ್ಚಳದ ಮೇಲೂ ಜನ ಕೂರುತ್ತಿದ್ದರು. ದಿನಕ್ಕೆ ಎಂಟೊಂಬತ್ತು ಗಂಟೆ ಆ ಸದ್ದು. ಅದರ ಲೆಕ್ಕ ಈಗ ಕಿವಿಯಲ್ಲಿ ಸಿಗುತ್ತಿದೆ.

ಕಿವಿ ಪರೀಕ್ಷೆ ಮಾಡಿಸಿದಾಗ ಆಡಿಯಾಲಜಿಸ್ಟ್ ಮೇಡಂ ಒಂದು ಗ್ರಾಫ್ ತೋರಿಸಿದರು. ಹರ್ಟ್ಸ್ ಅಂದರೆ ಶ್ರುತಿಯ ಅಳತೆ, ಸಂಖ್ಯೆ ಏರಿದಷ್ಟೂ ಶ್ರುತಿ ಮೇಲೆ. 250, 500, 1,000 ಹರ್ಟ್ಸ್‌ವರೆಗೆ ಗೆರೆ ಸುಮಾರಾಗಿ ಮೇಲೇ ಇತ್ತು. 2,000 ದಾಟಿದ ಮೇಲೆ ಬಾವಿಗೆ ಇಳಿದ ಹಾಗೆ ಕೆಳಗೆ ಹೋಗಿತ್ತು. 4,000 ಹರ್ಟ್ಸ್ ಹತ್ತಿರ 60 ಡೆಸಿಬಲ್ ನಷ್ಟ. ಎಡಗಿವಿ ಇನ್ನೂ ಒಂದು ಪಾಲು ಹೆಚ್ಚು. ಯಂತ್ರಗಳ ನಡುವೆ ದುಡಿದವರ ಕಿವಿ ಮೊದಲು ಸೋಲುವುದು ಆ 4,000ದ ಆಸುಪಾಸಿನಲ್ಲೇ ಅಂತೆ. ವಯಸ್ಸೂ ಅದೇ ಕಡೆಯಿಂದ, ಮೇಲಿನ ಶ್ರುತಿಗಳಿಂದ ತಿನ್ನುತ್ತಾ ಬರುತ್ತದೆ.

"ನಿಮ್ಮ ತಂದೆಗೆ ಸದ್ದು ಕೇಳುತ್ತೆ, ಮಾತು ಕೇಳಲ್ಲ" ಅಂದರು ಅವರು. ಅ, ಆ, ಓ ಮುಂತಾದ ಸ್ವರಗಳ ಬಲವೆಲ್ಲ ಕೆಳಗಿನ ಹರ್ಟ್ಸ್‌ಗಳಲ್ಲಿದೆ. ಸ, ಶ, ಚ, ತ, ಕ ಇಂಥ ವ್ಯಂಜನಗಳ ಗುರುತು ಸಿಗುವುದು 2,000ದಿಂದ ಮೇಲೆ, ಅದೂ ಬಹಳ ಮೆಲ್ಲನೆ. ಹಾಗಾಗಿ ಹತ್ತು, ಸತ್ತು, ಕತ್ತು ಎಲ್ಲ ಒಂದೇ ಆಗಿ ಕಿವಿಗೆ ಬೀಳುತ್ತದೆ. ಧ್ವನಿ ಇದೆ, ಅರ್ಥ ಇಲ್ಲ.

ಆಗ ನನಗೆ ಹೊಳೆದದ್ದು ಪ್ರಾಸ. ಷಟ್ಪದಿಯಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಸ್ವರ ಬದಲಾಗಬಹುದು, ವ್ಯಂಜನ ಬದಲಾಗುವಂತಿಲ್ಲ. ಆರು ಸಾಲೂ ಆ ಒಂದು ವ್ಯಂಜನದ ಗೂಟಕ್ಕೆ ಕಟ್ಟಿಕೊಂಡು ನಿಲ್ಲುತ್ತವೆ. ಅಪ್ಪನ ಕಿವಿಗೆ ಬೀಳದೆ ಹೋಗುತ್ತಿದ್ದದ್ದು ಸರಿಯಾಗಿ ಆ ಗೂಟವೇ. ರಾಗ ಬರುತ್ತದೆ, ಪದ ಬರುವುದಿಲ್ಲ ಅನ್ನುವ ಅವರ ಮಾತು ಆ ಗ್ರಾಫಿಗಿಂತ ನಿಖರವಾಗಿತ್ತು.

ಶ್ರವಣ ಸಾಧನ ಮಾಡಿಸಿದೆವು. ಮನೆಯಲ್ಲಿ ಬಹಳ ಅನುಕೂಲವಾಯಿತು. ಕಾರಿನಲ್ಲಿ ಮಾತ್ರ ನೆಲಮಂಗಲ ದಾಟುವುದರೊಳಗೆ ಕಳಚಿ ಜೇಬಿಗೆ ಹಾಕುತ್ತಿದ್ದರು. ಟೈರಿನ ಸದ್ದು, ಗಾಳಿಯ ಸದ್ದು ಎಲ್ಲವನ್ನೂ ಅದು ಎತ್ತಿ ಎತ್ತಿ ಕೊಡುತ್ತಿತ್ತು.

ಇಷ್ಟೆಲ್ಲ ತಿಳಿಯುವ ಮೊದಲೇ ನಾನು ಒಂದು ತಪ್ಪು ಮಾಡಿಯಾಗಿತ್ತು. ನಮ್ಮದು 2014ರ ಸಣ್ಣ ಹ್ಯಾಚ್‌ಬ್ಯಾಕ್. ಕಂಪನಿಯ ಸ್ಪೀಕರು ಕಾಗದದ ಕೋನಿನವು, ಹಳೆಯವು. ಸ್ಪೀಕರು ಬದಲಾಯಿಸಿದರೆ ಅಪ್ಪನಿಗೆ ಚೆನ್ನಾಗಿ ಕೇಳುತ್ತದೆ ಅಂದುಕೊಂಡು ಮನೆ ಹತ್ತಿರದ ಒಂದು ಅಂಗಡಿಗೆ ಹೋಗಿದ್ದೆ. "ಸೌಂಡ್ ಸಾಲಲ್ವಾ ಮೇಡಂ? ಬೇಸ್ ಹಾಕೋಣ" ಅಂದರು. ಡಬ್ಬದ ಮೇಲೆ 350 ವಾಟ್ ಅಂತ ದೊಡ್ಡದಾಗಿ ಬರೆದ ನಾಲ್ಕು ಸ್ಪೀಕರು, ಡಿಕ್ಕಿಯಲ್ಲಿ ಒಂದು ಬೇಸ್ ಟ್ಯೂಬು. 14,000 ರೂಪಾಯಿ. ಎರಡೇ ಗಂಟೆಯ ಕೆಲಸ. ಸಂಜೆ ಹಾಕಿ ತೋರಿಸಿದಾಗ ಪಾರ್ಕಿಂಗಿನ ನೆಲ ಅದುರಿತು. ಅವತ್ತು ನನಗೂ ಖುಷಿಯಾಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಆದರೆ ಕೇಳಬೇಕಾದವರಿಗೆ ಅದು ಮೊದಲಿಗಿಂತ ಕೆಟ್ಟದಾಯಿತು. ಕಾರಣ ಆಮೇಲೆ ಗೊತ್ತಾಯಿತು. ಕೆಳಗಿನ ಶ್ರುತಿಯ ಜೋರು ಸದ್ದು ತನಗಿಂತ ಮೇಲಿನ ಶ್ರುತಿಯ ಮೆಲ್ಲನೆ ಸದ್ದನ್ನು ನುಂಗುತ್ತದೆ. ಒಳಕಿವಿಯ ರಚನೆಯೇ ಹಾಗೆ, ನುಂಗುವಿಕೆ ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ. ಕಾರಿನೊಳಗೆ ರಸ್ತೆಯಿಂದ ಬರುವ ಸದ್ದೂ ಬಹುಪಾಲು ಕೆಳಗಿನದೇ, ಏಕೆಂದರೆ ಮೇಲಿನ ಸದ್ದನ್ನು ಗಾಜು, ತಗಡು, ರಬ್ಬರು ಅಷ್ಟೋ ಇಷ್ಟೋ ತಡೆಯುತ್ತವೆ, ಗುಂಯ್ ಅನ್ನುವ ಸದ್ದು ತಡೆಯಿಲ್ಲದೆ ಒಳಗೆ ಬರುತ್ತದೆ. ಈಗಾಗಲೇ ವ್ಯಂಜನಗಳನ್ನು ಮುಳುಗಿಸುತ್ತಿದ್ದ ಆ ನೀರಿಗೆ ನಾನು ದುಡ್ಡು ಕೊಟ್ಟು ಇನ್ನೂ ನಾಲ್ಕು ಕೊಡ ನೀರು ತಂದು ಸುರಿದಿದ್ದೆ.

ಕಾರಿಗೆ ಸ್ಪೀಕರು ಕೂರಿಸುವ ಜೆ.ಸಿ. ರಸ್ತೆಯ ಭಾಯ್ ಸಿಕ್ಕಿದ್ದು ನಮ್ಮ ಆಫೀಸಿನ ಡ್ರೈವರ್ ಮೂಲಕ. ಮುಖ್ಯರಸ್ತೆಯ ಆಕ್ಸೆಸರಿ ಅಂಗಡಿಗಳ ಸಾಲು ದಾಟಿ, ಒಂದು ಒಳಗಲ್ಲಿಯಲ್ಲಿ ಅವರ ಶೆಡ್ಡು. ಒಂದು ಸಲಕ್ಕೆ ಒಂದೇ ಕಾರು ಹಿಡಿಸುತ್ತದೆ. ಅವರ ತಂದೆ ಕಾರುಗಳಿಗೆ ಕ್ಯಾಸೆಟ್ ಪ್ಲೇಯರ್ ಕೂರಿಸುತ್ತಿದ್ದವರು. ಗೋಡೆಯಲ್ಲಿ ಈಗಲೂ ಮೂರ್ನಾಲ್ಕು ಹಳೆಯ ಡೆಕ್ಕುಗಳನ್ನು ಸಾಲಾಗಿ ಇಟ್ಟಿದ್ದಾರೆ.

ನಾನು ಅಪ್ಪನ ಗ್ರಾಫಿನ ಫೋಟೋ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಕಾರಿನ ಹತ್ತಿರ ಹೋಗಿ ಮುಂದಿನ ಬಾಗಿಲಿಗೆ ಬೆರಳ ಗೆಣ್ಣಿನಿಂದ ಬಡಿದರು. ಠಣ್ ಅಂತು. ಖಾಲಿ ಎಣ್ಣೆ ಡಬ್ಬದ ಸದ್ದು.

"ಅಕ್ಕಾ, ಮನೇಲಿ ಸ್ಪೀಕರ್‌ಗೆ ಮರದ ಬಾಕ್ಸ್ ಇರುತ್ತಲ್ಲ, ಕಾರಲ್ಲಿ ಬಾಕ್ಸ್ ಎಲ್ಲಿದೆ ಹೇಳಿ?"

ನನಗೆ ಉತ್ತರ ಹೊಳೆಯಲಿಲ್ಲ.

"ಈ ಬಾಗಿಲೇ ಬಾಕ್ಸು. ಡಬ್ಬದೊಳಗೆ ಎಂಥ ಸ್ಪೀಕರ್ ಇಟ್ರೂ ಡಬ್ಬಾನೇ ಹಾಡುತ್ತೆ. ಮೊದಲು ಬಾಗಿಲು, ಆಮೇಲೆ ಸ್ಪೀಕರ್. ಅದಕ್ಕೂ ಮೊದಲು ಟೈರು."

ಟೈರಿನ ಮಾತು ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಟೈರು ಐದು ವರ್ಷ ಹಳೆಯವು, ರಬ್ಬರು ಗಟ್ಟಿಯಾಗಿತ್ತು, ಗಾಳಿಯೂ ಹೇಳಿದ್ದಕ್ಕಿಂತ ಜಾಸ್ತಿ ತುಂಬಿತ್ತು. ಹೇಗೂ ಬದಲಾಯಿಸಬೇಕಿದ್ದದ್ದನ್ನು ಆ ವಾರವೇ ಬದಲಾಯಿಸಿದೆ. ಅದಕ್ಕೆ ಮೊದಲು ಅವರು ಹೇಳಿದಂತೆ ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡು, ಸಹೋದ್ಯೋಗಿಯ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕೂರಿಸಿ, ದಾಬಸ್‌ಪೇಟೆ ದಾಟಿದ ಮೇಲಿನ ಒಂದು ನೇರ ರಸ್ತೆಯಲ್ಲಿ 80ರ ವೇಗದಲ್ಲಿ ಅಳೆದೆವು. 72 ಬಂತು. ಆ್ಯಪಿನಲ್ಲಿ ಎ ಮತ್ತು ಸಿ ಅಂತ ಎರಡು ಅಳತೆ ಇವೆ. ಎ ಅಳತೆ ಮನುಷ್ಯನ ಕಿವಿಯ ಹಾಗೆ ಕೆಳಗಿನ ಸದ್ದಿಗೆ ಕಡಿಮೆ ಬೆಲೆ ಕೊಡುತ್ತದೆ, ಸಿ ಅಷ್ಟು ಕಡಿತ ಮಾಡುವುದಿಲ್ಲ. ಸಿಯಲ್ಲಿ 93 ತೋರಿಸಿತು. ಎರಡರ ನಡುವಿನ 21 ಡೆಸಿಬಲ್ ಅಂತರ ನೋಡಿದಾಗ ಅಪ್ಪ ದಿನಾ ಹೋರಾಡುತ್ತಿದ್ದ ಗುಂಯ್‌ಗುಡುವಿಕೆಗೆ ಮೊದಲ ಸಲ ಒಂದು ಮೈ ಬಂದ ಹಾಗಾಯಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರು ಬಿಟ್ಟೆವು. ಅಪ್ಪನೂ ಬಂದಿದ್ದರು. ಭಾಯ್ ಹಾಕಿಕೊಟ್ಟ ಸ್ಟೂಲಿನ ಮೇಲೆ ಎರಡೂ ದಿನ ಕೂತು ನೋಡಿದರು.

ಬಾಗಿಲಿನ ಒಳಗವಸು ಬಿಚ್ಚುವುದೇ ಒಂದು ಕಸುಬು. ಹಿಡಿಕೆಯ ಹಿಂದೆ ಎರಡು ಸ್ಕ್ರೂ, ಕೆಳಗೊಂದು, ಉಳಿದದ್ದೆಲ್ಲ ಪ್ಲಾಸ್ಟಿಕ್ ಕ್ಲಿಪ್ಪು. ಲೋಹದ ಸ್ಕ್ರೂಡ್ರೈವರ್ ತೂರಿಸಿ ಎತ್ತಿದರೆ ಕ್ಲಿಪ್ಪು ಮುರಿಯುತ್ತದೆ, ಮುರಿದ ಕ್ಲಿಪ್ಪಿನ ಜಾಗ ಆಮೇಲೆ ಜೀವನಪೂರ್ತಿ ಗಿಟಗಿಟ ಅನ್ನುತ್ತದೆ. ಭಾಯ್ ಬಿದಿರಿನ ಒಂದು ಚಪ್ಪಟೆ ಪಟ್ಟಿ ಇಟ್ಟುಕೊಂಡಿದ್ದರು. ಹಿಂದಿನ ಅಂಗಡಿಯವರು ಬಿಚ್ಚಿದಾಗ ಮುರಿದಿದ್ದ ನಾಲ್ಕು ಕ್ಲಿಪ್ಪುಗಳನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಅಲ್ಲಿಗೆ ಒಂದು ನಡುಕದ ಮೂಲ ಸಿಕ್ಕಿತು.

ಗವಸಿನ ಹಿಂದೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಒಳಗಿನ ಗವಸಿಗೆ ತಾಗದಂತೆ ತಡೆಯುವುದು ಅದರ ಕೆಲಸ. ಅದನ್ನು ಮೊದಲಿನವರು ಸ್ಪೀಕರಿನ ಸುತ್ತ ಹರಿದು ಬಿಟ್ಟಿದ್ದರು. ಹಾಳೆ ಸರಿಸಿದರೆ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ಎರಡು ತೂತು. ಸ್ಪೀಕರಿನ ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಹಿಂದಿನ ಅಲೆ ಆ ತೂತುಗಳಿಂದ ಹೊರಬಂದು ಮುಂದಿನ ಅಲೆಗೆ ಸೇರಿದರೆ ಒಂದನ್ನೊಂದು ಕೊಲ್ಲುತ್ತವೆ. ಗಂಡಸರ ಧ್ವನಿಯ ತುಂಬುತನ ಇರುವುದೇ ಆ ಭಾಗದಲ್ಲಿ, ಅದೇ ಪೋಲಾಗುತ್ತಿತ್ತು. ಆ ಖಾಲಿಯನ್ನು ತುಂಬಿಸಲೆಂದು ಜನ ಬೇಸ್ ಏರಿಸುತ್ತಾರೆ, ಬೇಸ್ ಮಾತನ್ನು ನುಂಗುತ್ತದೆ. ಒಂದು ತೂತಿನಿಂದ ಎಷ್ಟು ದೂರದ ತೊಂದರೆ!

ತಗಡನ್ನು ಸ್ಪಿರಿಟ್‌ನಿಂದ ಒರೆಸಿದರು. ಹತ್ತು ವರ್ಷದ ಧೂಳು, ಗ್ರೀಸು. ಎಣ್ಣೆ ಅಂಶ ಉಳಿದರೆ ಮ್ಯಾಟು ಕಚ್ಚುವುದಿಲ್ಲ. ಮ್ಯಾಟು ಅಂದರೆ ಒಂದು ಮುಖದಲ್ಲಿ ಬ್ಯೂಟೈಲ್ ರಬ್ಬರಿನ ಅಂಟು, ಇನ್ನೊಂದು ಮುಖದಲ್ಲಿ ಅಲ್ಯೂಮಿನಿಯಂ ಹಾಳೆ. ತಗಡು ಕಂಪಿಸಿದಾಗ ನಡುವಿನ ರಬ್ಬರು ತಗಡು ಮತ್ತು ಹಾಳೆಯ ಮಧ್ಯೆ ಎಳೆದಾಡಿಸಿಕೊಳ್ಳುತ್ತದೆ, ಆ ಎಳೆದಾಟದಲ್ಲಿ ಕಂಪನದ ಶಕ್ತಿ ತುಸು ಬಿಸಿಯಾಗಿ ಕರಗುತ್ತದೆ. ಡಾಂಬರಿನ ಅಗ್ಗದ ಮ್ಯಾಟೂ ಸಿಗುತ್ತದೆ. ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ ಇಳಿಯುತ್ತದೆ, ಕಾರೊಳಗೆ ವಾಸನೆ ಬರುತ್ತದೆ ಅಂತ ಭಾಯ್ ಅದನ್ನು ಶೆಡ್ಡಿನೊಳಗೇ ಸೇರಿಸುವುದಿಲ್ಲ.

ನಾನು ಬಾಗಿಲಿಗೆಲ್ಲ ಹಚ್ಚುತ್ತಾರೆ ಅಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಹೊರತಗಡಿನ ನಡುಭಾಗದಲ್ಲಿ, ಎಲ್ಲಿ ಬಡಿದರೆ ಹೆಚ್ಚು ಠಣ್ ಅನ್ನುತ್ತದೋ ಅಲ್ಲಿ ಹಚ್ಚಿ, ಸಣ್ಣ ಕಬ್ಬಿಣದ ರೋಲರಿನಿಂದ ಅಲ್ಯೂಮಿನಿಯಂ ಮೇಲಿನ ಚುಕ್ಕಿ ಅಚ್ಚು ಅಳಿಯುವ ತನಕ ಒತ್ತಿದರು. ಬಡಿಯುವುದು, ಕೇಳುವುದು, ಇನ್ನೊಂದು ತುಂಡು ಕತ್ತರಿಸುವುದು. ಎಲ್ಲ ಕಡೆ ಹಚ್ಚಿದರೆ ತೂಕ ಏರುತ್ತದೆ, ಬಾಗಿಲ ಹಿಂಜ್ ಇಳಿಯುತ್ತದೆ, ಲಾಭ ಮಾತ್ರ ಅಷ್ಟು ಏರುವುದಿಲ್ಲ. ಬಾಗಿಲಿನ ಅಡಿಯಲ್ಲಿರುವ ಮೂರು ನೀರಿಳಿಯುವ ತೂತುಗಳ ಹತ್ತಿರ ಬಂದಾಗ ಹುಡುಗನ ಕೈಯಿಂದ ಮ್ಯಾಟು ಕಿತ್ತುಕೊಂಡು ತಾವೇ ಹಚ್ಚಿದರು. ಅವು ಮುಚ್ಚಿದರೆ ಮೊದಲ ಮಳೆಗಾಲದಲ್ಲೇ ಬಾಗಿಲು ಕೊಳೆಯಲು ಶುರು.

ಮಧ್ಯಾಹ್ನ ಒಂದು ಬಾಗಿಲು ಮುಗಿದಿತ್ತು. "ಬನ್ನಿ ಯಜಮಾನ್ರೇ" ಅಂತ ಅಪ್ಪನನ್ನು ಕರೆದು ಮುಗಿದ ಬಾಗಿಲು, ಮುಗಿಯದ ಬಾಗಿಲು ಎರಡನ್ನೂ ಬಡಿಯಲು ಹೇಳಿದರು. ಅಪ್ಪ ಬಡಿದರು. ಒಂದು ಠಣ್, ಒಂದು ದಬ್. ಎರಡನ್ನೂ ಹಾಕಿ ಮುಚ್ಚಿ ನೋಡಿದರು. "ಇದು ಅಂಬಾಸಡರ್ ಬಾಗ್ಲಾತು" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆ ದಿನ ಕಾದು ಕೂತಾಗ ಭಾಯ್ ತಮ್ಮ ತಂದೆಯ ಕಾಲದ ಮಾತು ತೆಗೆದರು. ಕಾರಿಗೆ ಸಂಗೀತ ತರಲು ಜನ ಪಟ್ಟ ಪಾಡು ಸಣ್ಣದಲ್ಲ. ಅಮೆರಿಕದಲ್ಲಿ ಗ್ಯಾಲ್ವಿನ್ ಕಂಪನಿ 1930ರಲ್ಲಿ ಕಾರ್ ರೇಡಿಯೋ ಮಾರಲು ಹೊರಟಾಗ ಅದಕ್ಕಿಟ್ಟ ಹೆಸರು ಮೋಟೊರೋಲ, ಮುಂದೆ ಕಂಪನಿಯ ಹೆಸರೇ ಅದಾಯಿತು. ಸ್ಪಾರ್ಕ್ ಪ್ಲಗ್ಗಿನ ಕಿಡಿಯೆಲ್ಲ ರೇಡಿಯೋದೊಳಗೆ ಚಟಪಟ ಅಂತ ಕೇಳುತ್ತಿತ್ತು, ಅದನ್ನು ಅಡಗಿಸುವುದೇ ಕೂರಿಸುವವರ ದೊಡ್ಡ ಕೆಲಸ. ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿ ಅನ್ನುವ ರೇಡಿಯೋ ಕೇಂದ್ರ ಶುರುಮಾಡಿದ್ದು 1935ರಲ್ಲಿ, ಅಂದರೆ ಅದಕ್ಕೂ ಐದು ವರ್ಷ ಮೊದಲೇ ಅಮೆರಿಕದಲ್ಲಿ ಕಾರಿನಲ್ಲಿ ರೇಡಿಯೋ ಓಡಾಡುತ್ತಿತ್ತು. 1956ರಲ್ಲಿ ಕ್ರೈಸ್ಲರ್ ಕಂಪನಿ ಕಾರಿನೊಳಗೆ ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರವನ್ನೇ ಕೊಟ್ಟಿತ್ತು. 1963ರಲ್ಲಿ ಫಿಲಿಪ್ಸ್‌ನವರ ಕ್ಯಾಸೆಟ್ ಬಂದ ಮೇಲೆ ನಮ್ಮಿಷ್ಟದ ಧ್ವನಿ ನಮ್ಮ ಜತೆ ಪ್ರಯಾಣ ಮಾಡುವುದು ಸುಲಭವಾಯಿತು. ಭಾಯ್ ತಂದೆ ಆ ಡೆಕ್ಕುಗಳ ಹೆಡ್ಡನ್ನು ಹತ್ತಿ, ಸ್ಪಿರಿಟ್ಟಿನಿಂದ ಒರೆಸಿ ಜೀವನ ಕಟ್ಟಿದವರು.

ಎರಡನೆಯ ದಿನ ಸ್ಪೀಕರು, ವೈರು.

350 ವಾಟ್ ಅಂತ ಬರೆದಿದ್ದ ಹಳೆಯವನ್ನು ಭಾಯ್ ಪಕ್ಕಕ್ಕಿಟ್ಟರು. ಬ್ಯಾಟರಿ 12 ವೋಲ್ಟ್, ಇಂಜಿನ್ ಓಡುವಾಗ ಸುಮಾರು 14. ಅಷ್ಟರಿಂದ 4 ಓಮ್ ಸ್ಪೀಕರಿಗೆ ಹೆಡ್ ಯೂನಿಟ್ಟಿನ, ಅಂದರೆ ಕಾರಿನ ಸ್ಟೀರಿಯೋದ, ಒಳಗಿನ ಚಿಪ್ಪು ಸದಾ ಕೊಡಬಲ್ಲದ್ದು ಒಂದು ಚಾನೆಲಿಗೆ 20 ವಾಟ್ ಆಸುಪಾಸು, ಅಷ್ಟೇ. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಕ್ಷಣಮಾತ್ರದ್ದು. ನೋಡಬೇಕಾದದ್ದು ಆರ್‌ಎಂಎಸ್ ಅನ್ನುವ ಸಣ್ಣ ಅಕ್ಷರದ ಸಂಖ್ಯೆ, ಸದಾ ತಾಳುವ ಶಕ್ತಿ ಅದು. ಆ 20 ವಾಟನ್ನು ಮೀರಿ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿದಂತಾಗಿ ಕರಕರ ಅನ್ನುತ್ತದೆ. 31ರಲ್ಲಿ ನನ್ನ ಕಿವಿ ನೋಯುತ್ತಿದ್ದದ್ದು ಅದಕ್ಕೇ.

ಹೊಸದಾಗಿ ಹಾಕಿದ್ದು ಮುಂದಿನ ಬಾಗಿಲಿಗೆ ಮಾತ್ರ ಆರೂವರೆ ಇಂಚಿನ ಒಂದು ಜೊತೆ, ಮೇಲಿನ ಶ್ರುತಿಯ ಸಣ್ಣ ಸ್ಪೀಕರಾದ ಟ್ವೀಟರ್ ಬೇರೆಯಾಗಿ ಬರುವ ಕಾಂಪೊನೆಂಟ್ ಬಗೆಯದು. ಸೀಟಿನ ಕೆಳಗೆ ಚಾನೆಲಿಗೆ 50 ವಾಟಿನ, ಒಳಗೇ ಡಿಎಸ್‌ಪಿ (ಸದ್ದನ್ನು ಬೇಕಾದ ಹಾಗೆ ತಿದ್ದುವ ಚಿಪ್ಪು) ಇರುವ ಸಣ್ಣ ಆಂಪ್ಲಿಫೈಯರ್. ಹಿಂದಿನ ಬಾಗಿಲಿಗೆ ಮ್ಯಾಟು ಮಾತ್ರ. ಬೇಸ್ ಟ್ಯೂಬನ್ನು ಭಾಯ್ ಬೇರೆಯವರಿಗೆ 3,000ಕ್ಕೆ ಕೊಡಿಸಿದರು. ಟ್ವೀಟರನ್ನು ಹೊರಗನ್ನಡಿಯ ಒಳಬದಿಯ ತ್ರಿಕೋನದಲ್ಲಿ ಕೂರಿಸಿದರು. ಮೇಲಿನ ಶ್ರುತಿ ಟಾರ್ಚಿನ ಬೆಳಕಿನ ಹಾಗೆ ಮುಖ ಮಾಡಿದ ಕಡೆಗೆ ಹೋಗುತ್ತದೆ. ಕಾಲಿನ ಹತ್ತಿರ ಇಟ್ಟರೆ ವ್ಯಂಜನಗಳೆಲ್ಲ ಮೊಣಕಾಲಿಗೆ ಬಡಿದು ಅಲ್ಲೇ ಮುಗಿಯುತ್ತವೆ. ಕಿವಿಯ ಮಟ್ಟಕ್ಕೆ ಬಂದರೆ ಅರ್ಧ ಕೆಲಸವಾದಂತೆ.

ಸ್ಪೀಕರಿನ ಕೆಳಗೆ ಹಾಕುವ ರಿಂಗು ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನದಾದರೆ ಬಾಗಿಲಿನ ತೇವಕ್ಕೆ ಬಿಸ್ಕತ್ತಿನ ಹಾಗೆ ಊದುತ್ತದೆ, ಆದ್ದರಿಂದ ಗಟ್ಟಿ ಪ್ಲಾಸ್ಟಿಕ್ಕಿನದು. ವೈರು ಜೋಡಿಸುವ ಮೊದಲು ಒಂದು ಪೆನ್ಸಿಲ್ ಸೆಲ್ಲಿನ ಎರಡು ತುದಿ ಮುಟ್ಟಿಸಿ ಕೋನು ಹೊರಗೆ ಜಿಗಿಯುತ್ತದೋ ಒಳಗೆ ಹೋಗುತ್ತದೋ ನೋಡಿದರು. ಮೊದಲಿನವರು ಎಡಗಡೆಯದನ್ನು ಉಲ್ಟಾ ಜೋಡಿಸಿದ್ದರಂತೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ನಡುವೆ ಕೂತ ಗಾಯಕ ಹಾಗೇ ಮಾಯವಾಗುತ್ತಾನೆ.

ಬ್ಯಾಟರಿಯಿಂದ ಬರುವ ವೈರಿಗೆ ಫ್ಯೂಸು ಬ್ಯಾಟರಿಯಿಂದ ಒಂದು ಮೊಳದೊಳಗೇ ಇರಬೇಕು. ದೂರದಲ್ಲಿ ಆಂಪ್ ಪಕ್ಕ ಹಾಕಿದರೆ ಅದು ಆಂಪನ್ನು ಕಾಯಬಹುದು, ಕಾರನ್ನು ಕಾಯುವುದಿಲ್ಲ. ನಡುವೆ ಎಲ್ಲಾದರೂ ವೈರು ತಗಡಿಗೆ ತಾಗಿ ಸವೆದರೆ ಬೆಂಕಿಯೇ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ವೈರು ತೂರುವ ಜಾಗಕ್ಕೆ ಗ್ರಾಮೆಟ್ ಅನ್ನುವ ರಬ್ಬರ್ ಬಳೆ ಹಾಕಿದ್ದಾರೋ ಇಲ್ಲವೋ ಅಂತ ಯಾರೇ ಕಾರಿಗೆ ಕೆಲಸ ಮಾಡಿಸಲಿ, ಬಗ್ಗಿ ನೋಡಿಕೊಳ್ಳಿ. ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕಂಪನಿಯ ವೈರನ್ನು ಎಲ್ಲೂ ಕತ್ತರಿಸದೆ ಕಪ್ಲರಿನಲ್ಲೇ ಜೋಡಿಸಿದರು.

ಎಲ್ಲ ಜೋಡಿಸಿ ಇಂಜಿನ್ ಶುರುಮಾಡಿದರೆ ಸ್ಪೀಕರಿನಿಂದ ಸೊಳ್ಳೆಯ ಹಾಗೆ ಕುಂಯ್ ಅನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿಯೂ ಏರುತ್ತದೆ. ಬ್ಯಾಟರಿಗೆ ಚಾರ್ಜು ತುಂಬುವ ಆಲ್ಟರ್ನೇಟರಿನದು. ನನ್ನ ಎದೆ ಧಸಕ್ಕೆಂದಿತು. ಭಾಯ್ ಅರ್ತ್ ಕೊಟ್ಟ ಬೋಲ್ಟನ್ನು ಬಿಚ್ಚಿ ನೋಡಿದರು. ಹುಡುಗ ಕೆಳಗಿನ ಬಣ್ಣ ಪೂರ್ತಿ ಕೆರೆದಿರಲಿಲ್ಲ. ತಗಡು ಹೊಳೆಯುವ ತನಕ ಉಜ್ಜಿ ಮತ್ತೆ ಬಿಗಿದರು. ಸದ್ದು ನಿಂತಿತು. ಸ್ಪಾರ್ಕ್ ಪ್ಲಗ್ಗಿನ ಚಟಪಟದ ಜತೆ ಶುರುವಾದ ಜಗಳ ಇಷ್ಟು ವರ್ಷವಾದರೂ ಮುಗಿದಿಲ್ಲ.

ಕೊನೆಯ ಕೆಲಸ ಟ್ಯೂನಿಂಗ್. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಭಾಯ್ ಕೇಳಿದರು:

"ಯಾರ ಕಿವಿಗೆ ಮಾಡ್ಲಿ ಅಕ್ಕಾ? ಎಲ್ಲರೂ ಡ್ರೈವರ್ ಸೀಟಿಗೆ ಮಾಡಿಸ್ಕೊತಾರೆ."

"ಅಪ್ಪನ ಸೀಟಿಗೆ."

ಅಪ್ಪನನ್ನು ಎಡಗಡೆ ಮುಂದಿನ ಸೀಟಿನಲ್ಲಿ ಕೂರಿಸಿ ಟೇಪು ಹಿಡಿದರು. ಎಡಬಾಗಿಲ ಸ್ಪೀಕರಿನಿಂದ ತಲೆಗೆ 85 ಸೆಂಟಿಮೀಟರ್, ಬಲಬಾಗಿಲಿನದರಿಂದ 130. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಹತ್ತಿರದ ಸ್ಪೀಕರು 1.3 ಮಿಲಿಸೆಕೆಂಡ್ ಮೊದಲೇ ಮುಟ್ಟುತ್ತದೆ. ಕೇಳಲು ಏನೂ ಅಲ್ಲ ಅನ್ನಿಸಬಹುದು. ಆದರೆ ಕಿವಿ ಮೊದಲು ಬಂದದ್ದನ್ನು ಹಿಡಿದುಕೊಂಡು ಧ್ವನಿಯನ್ನೆಲ್ಲ ಆ ಬಾಗಿಲಿಗೆ ಅಂಟಿಸುತ್ತದೆ, ಎರಡೂ ಸದ್ದು ಕಲೆತು ಮಾತು ಮಸುಕಾಗುತ್ತದೆ. ಎಡಗಡೆಯದನ್ನು ಅಷ್ಟು ತಡಮಾಡಿಸಿದಾಗ ಅಪ್ಪ ಥಟ್ಟನೆ ಮುಂದಿನ ಗಾಜಿನ ಕಡೆ ನೋಡಿದರು. ವಾಚನ ಮಾಡುವವರು ಎದುರಿಗೆ ಬಂದು ಕೂತಿದ್ದರು.

100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರು. 150ರ ಸುತ್ತ ಮೂರು ಡೆಸಿಬಲ್ ಇಳಿಸಿದರು. 2,000ದಿಂದ 4,000ದವರೆಗೆ ಮೆಲ್ಲನೆ ಏರಿಸುತ್ತಾ ಹೋದರು. ಎಂಟು ಡೆಸಿಬಲ್ ಏರಿಕೆಗೆ ಬಂದಾಗ ಅಪ್ಪ ಮುಖ ಕಿವುಚಿ ಕೈ ಎತ್ತಿದರು. ಆಡಿಯಾಲಜಿಸ್ಟ್ ಇದನ್ನು ಮೊದಲೇ ಹೇಳಿದ್ದರು. ಇಂಥ ಕಿವಿಗೆ ಮೆಲ್ಲನೆಯದು ಕೇಳುವುದಿಲ್ಲ, ಸ್ವಲ್ಪ ಜೋರಾದರೆ ಒಮ್ಮೆಲೇ ಚುಚ್ಚುತ್ತದೆ, ನಡುವಿನ ಜಾಗ ಕಿರಿದು. ಐದಕ್ಕೆ ಇಳಿಸಿ, ಎಡಗಡೆಗೆ ಇನ್ನೆರಡು ಸೇರಿಸಿದರು. ನನ್ನ ಕಿವಿಗೆ ಅದು ತುಸು ತೆಳು, ತುಸು ಚೂಪು. ಅದು ನನ್ನ ಕಿವಿಗೆ ಮಾಡಿದ್ದಲ್ಲ.

ಅವರು ಪರೀಕ್ಷೆಗೆ ಹಾಕಿದ್ದು ಅಪ್ಪನ ಗಮಕವನ್ನೇ. ಒಂದು ಷಟ್ಪದಿ ಶುರುವಾಯಿತು. ಎರಡನೆಯ ಸಾಲಿಗೆ ಅಪ್ಪನ ತೋರುಬೆರಳು ತೊಡೆಯ ಮೇಲೆ ಸಣ್ಣದಾಗಿ ಬಿತ್ತು. ಮೂರನೆಯ ಸಾಲಿಗೂ ಬಿತ್ತು. ಪ್ರತಿ ಸಾಲಿನ ಎರಡನೆಯ ಅಕ್ಷರದ ಮೇಲೆ, ಸರಿಯಾಗಿ. ಭಾಯ್‌ಗೆ ಪ್ರಾಸದ ವಿಷಯ ಗೊತ್ತಿರಲಿಲ್ಲ. ಅವರು ಲ್ಯಾಪ್‌ಟಾಪ್ ಬಿಟ್ಟು ಆ ಬೆರಳನ್ನೇ ನೋಡುತ್ತಾ ಕೂತರು. ನಾನು ಶೆಡ್ಡಿನ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಮ್ಯಾಟಿಗೆ 9,000, ಆಂಪಿಗೆ 18,000, ಸ್ಪೀಕರಿಗೆ 8,500, ವೈರು, ಕೂಲಿ ಸೇರಿ 6,000. ಟೈರು ಬೇರೆ. ಮೊದಲು ಹೋದ 14,000 ನನ್ನ ಅವಸರದ ಬೆಲೆ. ಯಾರಾದರೂ ಕೇಳಿದರೆ ನಾನು ಹೇಳುವುದು, ಕೈಯಲ್ಲಿ ಹತ್ತೇ ಸಾವಿರ ಇದ್ದರೆ ಅದನ್ನು ಬಾಗಿಲಿಗೆ ಹಾಕಿ, ಕಂಪನಿಯ ಸ್ಪೀಕರೇ ಇರಲಿ.

ಮುಂದಿನ ಶನಿವಾರ ಅದೇ ರಸ್ತೆಯಲ್ಲಿ, ಅದೇ ಫೋನಿನಲ್ಲಿ, ಅದೇ 80ರಲ್ಲಿ ಅಳೆದಾಗ ಎ ಅಳತೆ 69, ಸಿ 90. ಮೂರು ಡೆಸಿಬಲ್ ಅಂದರೆ ಸದ್ದಿನ ಶಕ್ತಿ ಅರ್ಧವಾದಂತೆ, ಕಿವಿಗೆ ಅಷ್ಟು ದೊಡ್ಡ ವ್ಯತ್ಯಾಸ ಅಲ್ಲ ಅಂತ ಓದಿದ್ದೆ. ಆದರೆ ಅಪ್ಪ ಶ್ರವಣ ಸಾಧನ ಕಳಚಲಿಲ್ಲ. ವಾಲ್ಯೂಮು 17ರಲ್ಲಿತ್ತು. ಇಂಡಿಕೇಟರ್ ಹಾಕಿದಾಗ, "ಟಿಕ್ ಟಿಕ್ ಅಂತೈತಲ್ಲ, ಇದು ಮೊದ್ಲಿಂದಾನೂ ಇತ್ತಾ?" ಅಂತ ಕೇಳಿದರು. ಹೊರಗಿನ ಹಾರ್ನು, ಆಂಬುಲೆನ್ಸಿನ ಸೈರನ್ನು ಕೇಳದೆ ಹೋದೀತು ಅನ್ನುವ ಭಯ ನನಗಿತ್ತು. ವಾಲ್ಯೂಮು ಇಳಿದದ್ದರಿಂದ ಅವು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತಿವೆ.

ಗುಬ್ಬಿ ದಾಟಿತು. ಅಪ್ಪ ಒಮ್ಮೆಲೇ ಕೈ ಚಾಚಿ ಆಫ್ ಮಾಡಿದರು. ಮತ್ತೆ ಪದ ಹೋಯಿತೇನೋ ಅಂತ ನನಗೆ ಗಾಬರಿ.

"ಅದಲ್ಲ ತಾಯಿ. ಗುಂಯ್ ಅಂತೈತೆ, ಕೇಳಿಸ್ತಾ?"

ನನಗೆ ಕೇಳಿಸಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡರು. "ಅರವತ್ತಕ್ಕೆ ತಗೋ. ಈಗ ಹಗೂರಕ್ಕೆ ಎಡಕ್ಕೆ ಎಳಿ. ಹಾ. ಈಗ ಬಲಕ್ಕೆ." ರಸ್ತೆ ಖಾಲಿ ಇತ್ತು, ಹಾಗೇ ಮಾಡಿದೆ. ಎಡಕ್ಕೆ ತಿರುಗಿಸಿದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ, ಸದ್ದು ಏರುತ್ತದೆ. ಬಲಕ್ಕೆ ತಿರುಗಿಸಿದರೆ ಇಳಿಯುತ್ತದೆ. ಆಗ ನನಗೂ ಕೇಳಿಸಿತು, ದೂರದ ದುಂಬಿಯ ಹಾಗೆ.

"ಬಲಗಡೆ ಹಿಂದಿನ ಚಕ್ರದ ಬೇರಿಂಗು" ಅಂದರು ಅಪ್ಪ.

ತಿಪಟೂರಿನ ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ಚಕ್ರ ತಿರುಗಿಸಿದರು. ಮೆಕ್ಯಾನಿಕ್ಕು ಸ್ಪ್ರಿಂಗಿನ ಮೇಲೆ ಕೈಯಿಟ್ಟು, ಒಳಗೆ ಮರಳು ಅರೆದ ಹಾಗೆ ಆಗುತ್ತಿದೆ ಅಂದ. ಒಂದೂವರೆ ಗಂಟೆಯಲ್ಲಿ ಬದಲಾಯಿಸಿದ. ಹಳೆಯ ಬೇರಿಂಗನ್ನು ಅಪ್ಪ ಅವನ ಕೈಯಿಂದ ಇಸಿದುಕೊಂಡು, ಅಂಗಿಯ ತುದಿಗೆ ಗ್ರೀಸು ಒರೆಸಿ, ಬಲಗಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಿರುಗಿಸಿದರು. ಮತ್ತೆ ತಿರುಗಿಸಿದರು. ಆಮೇಲೆ ಅದನ್ನು ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟು ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

"ಎಲ್ಲಿ ನಿಲ್ಸಿದ್ವೋ ಅಲ್ಲಿಂದ ಹಾಕು" ಅಂದರು.